ನೆನೆಯದ ಪ್ಲೇಟುಗಳು

ಮೊದಲ ಫೋನಿನಲ್ಲೇ ಅವನು ನನ್ನ ಮಾನ ಹರಾಜು ಹಾಕಿದ್ದ.

"ರೇಸ್ ಕಾರ್ ಕಟ್ತಿದೀರಾ? ಕೈಲಿರೋ ಡಿಫರೆನ್ಷಿಯಲ್ ಹೆಂಗೆ ಕೆಲಸ ಮಾಡತ್ತೆ ಅಂತ್ಲೇ ಗೊತ್ತಿಲ್ವಾ?"

"ಗೊತ್ತಿದ್ದಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ?" ಎಂದೆ. ಆ ಕಡೆಯಿಂದ ನಗು ಕೇಳಿಸಿತು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ.

ನಾವು ಕಾಲೇಜಿನವರೇ ಸೇರಿ ಕಟ್ಟಿದ ಕಾರು ತಿರುವಿನಲ್ಲಿ ಕೈಕೊಡುತ್ತಿತ್ತು. ಒಳಗಿನ ಚಕ್ರ ಹಗುರಾಗಿ ಸುಮ್ಮನೆ ಗಿರ್ರನೆ ಸುತ್ತುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಎರಡೂ ಚಕ್ರಗಳನ್ನು ಜೊತೆಯಾಗಿ ಹಿಡಿದಿಡುವ ಲಾಕಿಂಗ್ ಡಿಫರೆನ್ಷಿಯಲ್ ಬೇಕಿತ್ತು. ಹಳೆಯ ತಂಡವೊಂದರಿಂದ ಒಂದು ಸಿಕ್ಕಿತು, ಆದರೆ ಅದರ ಕಾಗದಪತ್ರ ಸಿಗಲಿಲ್ಲ. ಇಂಟರ್ನೆಟ್ ಎಲ್ಲ ಜಾಲಾಡಿದೆ. ಸಿಕ್ಕಿದ್ದು ಬರೀ ಜಾಹೀರಾತು, ಇಲ್ಲವೇ ನಮ್ಮ ಪುಟ್ಟ ಕಾರಿಗೆ ಹೊಂದದ ಲಾರಿಗಳ ಲೆಕ್ಕಾಚಾರ. ಕೊನೆಗೆ ಮೇಷ್ಟ್ರು ಗೇರ್‌ಬಾಕ್ಸ್ ವರ್ಕ್‌ಶಾಪ್ ನಡೆಸುವ ಅಕ್ಕನೊಬ್ಬಳ ನಂಬರ್ ಕೊಟ್ಟರು. ಫೋನ್ ಎತ್ತಿದವನು ಅವಳ ತಮ್ಮ.

ಅಂದಿನಿಂದ ದಿನಾ ಊಟದ ಬಿಡುವಿನಲ್ಲಿ ಫೋನ್. ಡಿಫರೆನ್ಷಿಯಲ್ ಒಳಗೆ ಒಂದಕ್ಕೊಂದು ಒತ್ತಿ ಕೂರುವ ಪ್ಲೇಟು ಎಷ್ಟು, ಯಾವುದರ ಮೇಲೆ ಯಾವುದು, ಸ್ಪ್ರಿಂಗ್ ಎಷ್ಟು ಬಿಗಿ ಎಂದು ಅವನು ಹೇಳುವನು, ನಾನು ಹೂಂಗುಟ್ಟುವೆ. ಕಾರು ಸರಿಹೋದರೆ ಫೋನಿಗೆ ನೆಪವೇ ಇರದಲ್ಲ ಎಂಬ ಸಂಕಟ ಬೇರೆ. ತಂಡದವರಿಗೆಲ್ಲ ಶನಿವಾರದ ರೇಸಿನ ಚಿಂತೆ, ನನಗೆ ಭಾನುವಾರದ ಚಿಂತೆ.

ಗುರುವಾರ ಜೋಡಿಸಿ ಓಡಿಸಿದರೆ ಕಾರು ತಿರುವಿನಲ್ಲಿ ಕಟಕಟ ಎಂದು ಅದುರಿತು. ಡಿಫರೆನ್ಷಿಯಲ್ ಬಿಚ್ಚಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವರ್ಕ್‌ಶಾಪಿಗೆ ಹೋದೆ.

ಗ್ರೀಸ್ ಮೆತ್ತಿದ ನೀಲಿ ಶರಟಿನವನೊಬ್ಬ ತಲೆಯೆತ್ತಿದ. ಇವನೇ ಇರಬೇಕು ಅನ್ನಿಸಿತು.

"ಬೈಯೋದಾದ್ರೆ ಬಿಚ್ಚಿ ನೋಡಿ ಆಮೇಲೆ ಬೈಯಿರಿ," ಎಂದೆ.

ದನಿಯಿಂದಲೇ ಗುರುತು ಹಿಡಿದ. ಕಿವಿ ಎರಡೂ ಕೆಂಪಾದವು. ಇಷ್ಟು ಜಂಬದ ಮನುಷ್ಯನಿಗೆ ನಾಚಿಕೆಯೂ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಡಿಫರೆನ್ಷಿಯಲ್ ಬಿಚ್ಚಿದವನು ಒಂದು ಪ್ಲೇಟನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಒಣಗಿ ಕೂತಿವೆಯಲ್ರೀ! ಜೋಡಿಸೋಕೆ ಮುಂಚೆ ಎಣ್ಣೇಲಿ ನೆನೆಸಿ ಅಂತ ಸೋಮವಾರ ಮೂರು ಸಲ ಹೇಳಿದೀನಿ. ನೀವೂ ಮೂರು ಸಲ ಹೂಂ ಅಂದಿದೀರಿ!"

"ಅಂದೆ. ಆದ್ರೆ ತಲೆಗೆ ಹೋಗ್ಲಿಲ್ಲ."

"ಮತ್ತೆ ಅರ್ಧ ಗಂಟೆ ಕಿವಿಗೆ ಫೋನ್ ಇಟ್ಕೊಂಡು ಏನ್ ಮಾಡ್ತಿದ್ರಿ?"

ಸುಳ್ಳು ಹೇಳಲು ಬಾಯಿ ತೆರೆದೆ, ನಿಜವೇ ಬಂದುಬಿಟ್ಟಿತು. "ನಿಮ್ಮ ದನಿ ಕೇಳ್ತಿದ್ದೆ."

ಪ್ಲೇಟು ಅವನ ಕೈಜಾರಿ ಠಣ್ಣನೆ ನೆಲಕ್ಕೆ ಬಿತ್ತು. ಆಚೆ ಮೇಜಿನಲ್ಲಿದ್ದ ಅಕ್ಕ ಕನ್ನಡಕ ಏರಿಸಿದಳು.

"ಇವನೇನು ಕಮ್ಮಿ ಅನ್ಕೋಬೇಡಮ್ಮ. ಗಿರಾಕಿಗಳ ಹತ್ರ ಇವನ ಬಾಯಿಂದ ಮುತ್ತು ಉದುರಲ್ಲ. ನಿನ್ನ ಹತ್ರ ಎರಡು ಮಾತಿನ ವಿಷಯಾನ ಅರ್ಧ ಗಂಟೆ ಎಳೀತಾನೆ!"

"ಅಕ್ಕಾ, ಸುಮ್ನಿರೇ!" ಎಂದ. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ, "ಇನ್ಮೇಲೆ ಫೋನ್ ಮಾಡೋಕೆ ಏನೂ ಕೆಟ್ಟಿರ್ಬೇಕಾಗಿಲ್ಲ. ಸುಮ್ನೆ ಮಾಡಿ."

ನನ್ನ ಎದೆ ಹಗುರಾಯಿತು. ಅವನು ಟ್ರೇಗೆ ಎಣ್ಣೆ ಸುರಿದು ಪ್ಲೇಟುಗಳನ್ನು ಒಂದೊಂದಾಗಿ ಮುಳುಗಿಸಿದ. ಸಣ್ಣ ಗುಳ್ಳೆಗಳು ಏಳುವುದನ್ನು ಇಬ್ಬರೂ ಬಗ್ಗಿ ನೋಡಿದೆವು. ಭುಜಕ್ಕೆ ಭುಜ ತಾಗಿತು, ಯಾರೂ ಸರಿಯಲಿಲ್ಲ.

"ಎಷ್ಟು ಹೊತ್ತು ನೆನೀಬೇಕು?"

"ಒಂದು ಗಂಟೆ ಸಾಕು," ಎಂದವನು ಆಗ ನನ್ನ ಕಣ್ಣುಗಳನ್ನೇ ನೋಡಿದ. "ನೀವು ಇರೋದಾದ್ರೆ ಸಂಜೆವರೆಗೂ ಬೇಕು."

ನಾನು ಸ್ಟೂಲ್ ಎಳೆದುಕೊಂಡು ಕೂತೆ.