ಎರಡು ಡೆಮೊ ಕ್ಲಾಸು, ಒಂದು ನಕ್ಕೊ

"ಅಪ್ಪಾ, ಇಲ್ಲೇ ಸೇರಿಸ್ಬಿಡು! ಇನ್ನೊಂದು ಕ್ಲಾಸ್ ನೋಡೋದೇ ಬೇಡ!"

ಇಂದಿರಾನಗರದ ದೊಡ್ಡ ಸೆಂಟರಿನ ಮೆಟ್ಟಿಲಿಳಿಯುತ್ತ ಹಂಸ ಕುಣಿಯುತ್ತಿದ್ದಳು. ಕುಣಿಯದೆ ಇನ್ನೇನು? ಜಪಾನೀ ಭಾಷೆಯ ಫ್ರೀ ಡೆಮೊ ಕ್ಲಾಸಿನಲ್ಲಿ ಎಸಿ ಇತ್ತು, ಗೋಡೆಯಗಲದ ಟಿವಿ ಇತ್ತು, ಹೊರಡುವಾಗ ಬಲೂನು ಬೇರೆ ಕೊಟ್ಟಿದ್ದರು. ಮೂವತ್ತೇ ದಿನದಲ್ಲಿ ಜಪಾನೀ ಮಾತಾಡಿಸುತ್ತೇವೆ ಅಂತ ಬಾಗಿಲಲ್ಲೇ ಬೋರ್ಡು.

"ಏನ್ ಕಲ್ತೆ, ಹೇಳು ನೋಡೋಣ" ಎಂದ ಅಪ್ಪ, ಸ್ಕೂಟರಿನ ಸ್ಟ್ಯಾಂಡ್ ತೆಗೆಯುತ್ತ.

"ನಂಬರ್ಸು! ಇಚಿ, ನಿ, ಸಾನ್..." ಹಂಸ ತಲೆ ಕೆರೆದುಕೊಂಡಳು. "ಆಮೇಲಿಂದು ಟಿವೀಲಿ ಆ ಹಾಡು ಹಾಕಿದ್ರೆ ಬರತ್ತೆ."

"ಕರಾಟೆಗೆ ಸೇರ್ದಾಗ್ಲೂ ಹಿಂಗೇ ಕುಣಿದೆ. ಕೀಬೋರ್ಡಿಗೂ ಕುಣಿದೆ. ಎರಡೂ ಅರ್ಧಕ್ಕೆ ಬಿಟ್ಟೆ. ನೋಡು ಹಂಸ, ಇದೇ ಲಾಸ್ಟು. ಎರಡೂ ಡೆಮೊ ನೋಡಿ ಒಂದು ಆರಿಸ್ಕೋ. ಇದನ್ನೂ ಬಿಟ್ರೆ ಇನ್ಯಾವ ಕ್ಲಾಸೂ ಇಲ್ಲ."

ಹಂಸ ಬಲೂನು ಹಿಡಿದು ಹಿಂದೆ ಹತ್ತಿ ಕೂತಳು. ಪಾಪ, ಅವಳೇನು ಸೋಮಾರಿಯಲ್ಲ. ಕರಾಟೆಯಲ್ಲಿ ತಪ್ಪು ಕಾಲೆತ್ತಿ ದೊಪ್ಪನೆ ಬಿದ್ದಾಗ ಎಲ್ಲರೂ ನಕ್ಕಿದ್ದರು. ಕೀಬೋರ್ಡ್ ಕ್ಲಾಸಿನಲ್ಲೂ ಯಾರೋ ಕಿಸಕ್ಕೆಂದಿದ್ದರು. ಮರುದಿನದಿಂದಲೇ ಅವಳಿಗೆ ಹೊಟ್ಟೆನೋವು. ನಗುತ್ತಾರೆ ಅಂತ ಹೇಳುವುದಕ್ಕೂ ನಾಚಿಕೆಯಾಗಿ ಅದನ್ನು ಯಾರಿಗೂ ಹೇಳಿರಲಿಲ್ಲ.

ಆದರೆ ಜಪಾನೀ ಮಾತ್ರ ಬೇಕೇ ಬೇಕಿತ್ತು. ಅವಳಿಗಿಷ್ಟದ ಕಾರ್ಟೂನು ಜಪಾನೀಯಲ್ಲೇ ಬರುತ್ತಿತ್ತು. ಕೆಳಗೆ ಬರುವ ಇಂಗ್ಲಿಷ್ ಓದಿ ತಲೆ ಎತ್ತುವಷ್ಟರಲ್ಲಿ ಮೇಲೆ ಫೈಟಿಂಗೇ ಮುಗಿದಿರುತ್ತಿತ್ತು!

ಎರಡನೆಯ ಕ್ಲಾಸು ಹಲಸೂರಿನಲ್ಲಿ, ಪಾತ್ರೆ ಅಂಗಡಿಯ ಮೇಲಿನ ರೂಮಿನಲ್ಲಿ. ಎಸಿ ಇಲ್ಲ, ಟಿವಿ ಇಲ್ಲ. ಚಾಪೆಯ ಮೇಲೆ ಕೆಲವು ಮಕ್ಕಳು ಕೂತಿದ್ದರು. ಹೇಳಿಕೊಡುವ ಕಾವೇರಿ ಮಿಸ್ ಕಾಟನ್ ಸೀರೆಯುಟ್ಟು ಮಲ್ಲಿಗೆ ಮುಡಿದಿದ್ದರು. ಮಗ್ಗಿ ಹೇಳಿಸೋ ಮಿಸ್ ಇದ್ದ ಹಾಗಿದಾರೆ, ಇವರಿಗೆ ಜಪಾನೀ ಬರತ್ತಾ, ಅಂದುಕೊಂಡಳು ಹಂಸ.

ಮಿಸ್ ಬಾಯಿ ತೆರೆದರು. ಅಬ್ಬಬ್ಬಾ! ನಲ್ಲಿ ಬಿಟ್ಟ ಹಾಗೆ ಬರೀ ಜಪಾನೀ. ಮಧ್ಯದಲ್ಲಿ ಒಂದು ಕನ್ನಡ ಪದವಿಲ್ಲ, ಇಂಗ್ಲಿಷೂ ಇಲ್ಲ. ಹಂಸ ಕಣ್ಣು ಮಿಟುಕಿಸದೆ ಕೂತಳು.

ಮಿಸ್ ಲೋಟ ಎತ್ತಿ "ಮಿಜು" ಎಂದು ನೀರು ಕುಡಿದರು. ಕಿಟಕಿ ಮುಟ್ಟಿ "ಮಾದೊ" ಎಂದರು. ಮುಚ್ಚಿದರು, ತೆಗೆದರು, ಪುನಃ ಮುಚ್ಚಿದರು, ಮಾತು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹಂಸಳ ಕಡೆ ತಿರುಗಿ ಏನೋ ಹೇಳಿದರು.

ಹಂಸ ಎದ್ದು ಹೋಗಿ ಕಿಟಕಿ ತೆಗೆದಳು.

ತೆಗೆದವಳು ಅಲ್ಲೇ ನಿಂತುಬಿಟ್ಟಳು. ಅರೇ! ಕಿಟಕಿ ತೆಗಿ ಅಂತ ನನಗೆ ಯಾರು ಹೇಳಿದರು? ಮಿಸ್ ಹೇಳಿದ್ದು ಜಪಾನೀಯಲ್ಲಿ. ಹಾಗಾದರೆ ನನಗೆ ಜಪಾನೀ ಅರ್ಥವಾಯಿತಾ? ಅವಳ ಮೈ ಜುಮ್ಮೆಂದಿತು.

ಆಗ ಮಿಸ್ ಒಂದು ಡಬ್ಬಿ ತೆಗೆದರು. ಒಳಗೆ ಜಪಾನಿನ ಉಪ್ಪಿನಕಾಯಿ, ಕೆಂಪಗೆ, ಸುಕ್ಕುಸುಕ್ಕಾಗಿ. ಒಂದನ್ನು ಚಮಚದಲ್ಲಿ ಹಂಸಳ ಮುಂದೆ ಹಿಡಿದು ಕೇಳಿದರು, "ತಾಬೇಮಾಸುಕಾ?"

ತಿಂತೀಯಾ ಅಂತ ಕೇಳುತ್ತಿದ್ದಾರೆ, ಗೊತ್ತಾಯಿತು. ಬೇಡ ಅನ್ನಬೇಕು. ಇಲ್ಲಿ ಕನ್ನಡ ಆಗಲ್ಲ, ಬೇರೆ ಭಾಷೆ ಬೇಕು. ಬೇರೆ ಭಾಷೆ, ಬೇರೆ ಭಾಷೆ ಅಂತ ಹುಡುಕುತ್ತಿದ್ದ ಹಾಗೇ ಬಾಯಿಂದ ಜೋರಾಗಿ ಬಂದೇಬಿಟ್ಟಿತು:

"ನಕ್ಕೊ!"

ರೂಮೆಲ್ಲ ಗೊಳ್ಳೆಂದಿತು. ಮುಂದೆ ಕೂತಿದ್ದ ಹಾಶಿಮ್ ಎಂಬ ಹುಡುಗ ಚಾಪೆ ಬಡಿದು ಬಡಿದು ನಕ್ಕ. "ಮಿಸ್, ಅದು ಜಪಾನೀ ಅಲ್ಲ! ಬೇಡ ಅನ್ನಕ್ಕೆ ನಮ್ಮನೇಲಿ ಹಂಗಂತೀವಿ!"

ಹಂಸಳ ಕಿವಿ ಬಿಸಿಯಾಯಿತು. ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿಯ ಕಡೆ ನೋಡಿದಳು. ಅಯ್ಯೋ, ಇದೂ ಹೋಯ್ತು ಅನ್ನಿಸಿ ಅಳು ಬಂತು.

ಮಿಸ್ ಕೂಡ ನಕ್ಕರು. ಆಮೇಲೆ ಅವಳ ಪಕ್ಕ ಕೂತು, ಮೊದಲ ಸಲ ಕನ್ನಡದಲ್ಲಿ ಕೇಳಿದರು, "ಅದನ್ನ ಯಾರು ಕಲಿಸಿದ್ರು ಚಿನ್ನ?"

"ಯಾರೂ ಇಲ್ಲ ಮಿಸ್. ನಮ್ಮ ಪಕ್ಕದ್ಮನೆ ತೂಬಾ ಜೊತೆ ಆಡ್ತೀನಲ್ಲ, ಅವ್ರೆಲ್ಲ ಉರ್ದು ಮಾತಾಡ್ತಾರೆ. ಹಂಗೇ ಬಂದ್ಬಿಡ್ತು."

"ಏನೂ ತಪ್ಪು ಮಾಡ್ದೆನೇ ಬಂದ್ಬಿಡ್ತಾ?"

ತಪ್ಪಾ? ಹಂಸಳಿಗೆ ಒಂದೊಂದೇ ನೆನಪಾಯಿತು. ತೂಬಾಳ ತಾತನಿಗೆ ಒಂದು ದಿನ ಚಿಕ್ಕ ಹುಡುಗನಿಗೆ ತಿನ್ನೋ ಅನ್ನುವ ಹಾಗೆ "ತೂ ಖಾ ರೇ" ಅಂದುಬಿಟ್ಟಿದ್ದಳು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತಾತನಂತೂ ಕಣ್ಣೊರೆಸಿಕೊಂಡು ನಕ್ಕು, ತಮ್ಮ ತಟ್ಟೆಯ ಶಾವಿಗೆಯನ್ನು ಅವಳಿಗೇ ತಿನ್ನಿಸಿದ್ದರು. ಅವಳೂ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಮರುದಿನ ಸ್ಕೂಲು ಬಿಟ್ಟ ಕೂಡಲೇ ಮತ್ತೆ ಅಲ್ಲಿಗೇ ಓಡಿದ್ದಳು.

ಅಷ್ಟರಲ್ಲಿ ಮಿಸ್ ಮತ್ತೆ ಜಪಾನೀಗೆ ಹಾರಿದ್ದರು. ಹಂಸ ಚಪ್ಪಲಿಯ ಕಡೆ ನೋಡುವುದನ್ನು ಬಿಟ್ಟು ಮುಂದಕ್ಕೆ ಸರಿದು ಕೂತಳು.

ಕ್ಲಾಸು ಮುಗಿದು ಸ್ಕೂಟರು ಬಜಾರಿನಲ್ಲಿ ನಿಧಾನಕ್ಕೆ ಹೊರಟಿತು. ಹೂವಿನವಳು ತಮಿಳಿನಲ್ಲಿ ಕೂಗುತ್ತಿದ್ದಳು. ಬಾಳೆಹಣ್ಣಿನ ಗಾಡಿಯವರು ತೆಲುಗಿನಲ್ಲಿ ಜಗಳವಾಡುತ್ತಿದ್ದರು. ಹಂಸಳಿಗೆ ಎಲ್ಲ ಅರ್ಥವಾಗುತ್ತಿತ್ತು. ಇವೆಲ್ಲ ನನ್ನ ತಲೆಯೊಳಗೆ ಯಾವಾಗ ಬಂದು ಕೂತವು? ಅವಳು ಬೆರಗಾಗಿ, ಯಾವತ್ತೂ ನೋಡದ ಊರನ್ನು ನೋಡುವ ಹಾಗೆ ಎರಡೂ ಕಡೆ ನೋಡಿದಳು.

"ಯಾವ್ದಮ್ಮ ಕೊನೆಗೆ?" ಅಪ್ಪ ಕೇಳಿದ.

"ಇದೇ."

"ಎಸಿ ಇಲ್ವಲ್ಲೇ."

"ಅಪ್ಪಾ, ಇವತ್ತು ಎಲ್ರೂ ನನ್ನ ನೋಡಿ ನಕ್ರು." ಅಪ್ಪನಿಗೆ ಇಂಥದ್ದನ್ನು ಹೇಳಿದ್ದು ಅದೇ ಮೊದಲು.

ಅಪ್ಪ ಸ್ಕೂಟರು ಬದಿಗೆ ನಿಲ್ಲಿಸಿ ಹಿಂದೆ ತಿರುಗಿದ. "ಯಾಕೆ ಕಂದ? ಏನಾಯ್ತು? ಹಂಗಾದ್ರೆ ಬೇಡ ಬಿಡು."

"ಅಯ್ಯೋ, ಬೇಕು! ಶನಿವಾರ ಕ್ಲಾಸಿಗೆ ಬೇಗ ಹೊರಡೋಣ." ಹಂಸ ಅಪ್ಪನ ಬೆನ್ನಿಗೆ ಒರಗಿಕೊಂಡಳು. "ಇನ್ನೂ ಏನೇನ್ ತಪ್ಪು ಹೇಳ್ತೀನೋ, ನೋಡ್ಬೇಕು."