ಅರ್ಧ ದರದ ಹಡಗು

ಜೋಳದಲ್ಲಿ ಹುಗಿದಿಟ್ಟ ಕೆಂಪು ಬಾಳೆಕಾಯಿಗೆ ಒಂದು ವಾಸನೆ ಇರುತ್ತದೆ. ಅರ್ಧ ಸಿಹಿ, ಅರ್ಧ ಧೂಳು. ಕಮಲಾಪುರದ ತವರುಮನೆಯಲ್ಲಿ ಗುರುದೇವಿಯ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆದಿತ್ತು. ಇಂದು ಶಹಾಬಜಾರದ ತನ್ನ ಮನೆಯ ಅಡುಗೆಕೋಣೆಗೆ ಕಾಲಿಟ್ಟಾಗ ಅದೇ ವಾಸನೆ. ನಿಂತು ಸವಿಯಲು ಪುರುಸೊತ್ತಾಗಲಿಲ್ಲ.

“ಅಕ್ಕಾ, ಸಂಚಿ ಇಲ್ಲ.” ಪಡಸಾಲೆಯಿಂದ ಗೆಳತಿ ಮೆಹರುನ್ನಿಸಾಳ ದನಿ.

ಮಂಚದ ಮೇಲೆ ಪ್ರಯಾಣದ ಚೀಲ ಬಾಯಿ ತೆರೆದು ಬಿದ್ದಿತ್ತು. ಅವರಿಬ್ಬರ ಗುರುತಿನ ಕಾರ್ಡುಗಳಿದ್ದ ಹಸಿರು ಸಂಚಿ ಮಾತ್ರ ಮಾಯ. ಅಸಲು ಕಾರ್ಡಿಲ್ಲದವರನ್ನು ಹಡಗು ಹತ್ತಿಸುವುದಿಲ್ಲ. ಮುಂಬಯಿಯ ರೈಲು ಇಂದು ಸಂಜೆ, ಅಲ್ಲಿಂದ ಐದು ದಿನದ ವಿಹಾರದ ಹಡಗು ನಾಳೆ. ಕೊನೆ ಗಳಿಗೆಯಲ್ಲಿ ಅರ್ಧ ದರಕ್ಕೆ ಸಿಕ್ಕ ಟಿಕೆಟ್ಟು, ತಪ್ಪಿದರೆ ಹೋಯಿತು.

ಸಮುದ್ರ ತೋರಿಸುತ್ತೇನೆ ಎನ್ನುತ್ತಲೇ ಮೆಹರುನ್ನಿಸಾಳ ಗಂಡ ಕರೀಂಸಾಬ್ ಹೋದ ವರ್ಷ ತೀರಿಕೊಂಡಿದ್ದರು. ಪಕ್ಕದ ಮನೆಯ ಈ ಗೆಳತಿಗೆ ಅದನ್ನು ತೋರಿಸಿಯೇ ತೀರಬೇಕೆಂಬುದು ಗುರುದೇವಿಯ ಹಠ.

ಬೆಳಗಿನಿಂದ ಒಳಗೆ ಬಂದವರು ಇಬ್ಬರೇ: ಮೆಹರುನ್ನಿಸಾಳ ಮಗ ಅಬ್ರಾರ್, ಬಾಳೆಹಣ್ಣು ಮಾರುವ ಗುರುದೇವಿಯ ತಮ್ಮ ದೇವಿಂದ್ರಪ್ಪ. ಅಬ್ರಾರ್ ಹೊರಗೆ ತನ್ನ ಆಟೋದಲ್ಲಿ ಕಾದಿದ್ದ. ಗುರುದೇವಿ ಕರೆದಳು.

“ಚೀಲ ಮುಟ್ಟಿದ್ದಿಯೇನಪಾ?”

“ಮುಟ್ಟೀನಿ ಖಾಲಾ. ಅಮ್ಮಿದು ಬಿಪಿ ಗುಳಿಗಿ ಇಟ್ಟೆ.”

“ನಿನ್ನೆ ಹೋಗಬ್ಯಾಡ ಅಂತ ಜಗಳಾ ತೆಗದಾಂವ ಯಾರು?” ಮೆಹರುನ್ನಿಸಾ ನಡುವೆ ಬಾಯಿ ಹಾಕಿದಳು. “ಖರೆ ಹೇಳು. ನೀನೇ ತಗೊಂಡಿ?”

“ಅಮ್ಮೀ, ನಾ ಕಳ್ಳ ಆದ್ನಾ?”

ತಾಯಿ ಮುಖ ತಿರುಗಿಸಿದಳು.

ಗುರುದೇವಿ ಚೀಲದಲ್ಲಿ ಕೈಯಾಡಿಸಿದಳು. ಗುಳಿಗೆಯ ಒಂದು ಪೊಟ್ಟಣದ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ. ಓದು ಬಾರದ ತಾಯಿಗೆಂದು ಪೆನ್ನಿನಲ್ಲಿ ಬಿಡಿಸಿದ್ದು.

ದೇವಿಂದ್ರಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ.

“ನೀ ಒಳಗ ಏನು ಮಾಡಿದಿ, ತಮ್ಮಾ?”

“ಏನದ ಮಾಡೂದು? ತ್ವಾಟದ ಬಾಳಿ ತಂದಿದ್ದೆ, ಜ್ವಾಳದ ಡ್ರಮ್ಮಿನಾಗ ಹುಗದೆ. ಇನ್ನ ಮೂರು ದಿನಕ್ಕ ಹಣ್ಣಾಗ್ತಾವ, ಇಬ್ಬರೂ ಕೂಡಿ ತಿನ್ರಿ.” ಕಪ್ಪಿನಿಂದ ಕಣ್ಣೆತ್ತಲಿಲ್ಲ. “ಆ ಹುಡುಗನ ಕಿಸೆ ನೋಡಿದ್ರೇನು?”

ಅಬ್ರಾರ್ ತಾನೇ ಕಿಸೆ ತಿರುವಿ ತೋರಿಸಿದ.

ಗುರುದೇವಿ ಅಡುಗೆಕೋಣೆಗೆ ನಡೆದಳು. ಡ್ರಮ್ಮಿನ ಜೋಳದೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಬಾಳೆಕಾಯಿ. ಅದರ ಕೆಳಗೆ—ಬಟ್ಟೆ. ಹಸಿರು ಸಂಚಿ ಹೊರಗೆ ಬಂತು.

ಅದನ್ನು ಹಿಡಿದು ಅವಳು ಕಟ್ಟೆಗೆ ಬಂದಳು.

“ನಿನ್ನ ಮಾತು ಎಲ್ಲಾರೂ ಕೇಳಿದಿವಿ, ಯಾರೂ ಲಕ್ಷ್ಯ ಕೊಡಲಿಲ್ಲ,” ಎಂದಳು. “ಮೂರು ದಿನಕ್ಕ ನಾವು ನಡು ನೀರಾಗ ಇರ್ತೀವಿ. ಹಣ್ಣು ಯಾರು ತಿಂತಾರ? ಅಬ್ರಾರ್ ಜಗಳಾ ಮಾಡಿದ್ರೂ ಹೋಗಾಕಿಗಿ ಗುಳಿಗಿ ಇಟ್ಟಾನ. ನೀ ಉಳಿಯವ್ರಿಗಿ ಬಾಳಿ ಹುಗದಿ. ನಾವು ಹೋಗೂದಿಲ್ಲ ಅಂತ ನಿನಗ ಮೊದಲೇ ಗೊತ್ತಿತ್ತು. ಯಾಕೋ, ದೇವಿಂದ್ರ?”

ಅವನು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ.

“ಸಂಜಿಗಿ ನಾ ಅರ್ಧ ರೇಟಿಗಿ ಮಾರೂದು ಕೊಳ್ಯಾಕತ್ತಿದ್ದ ಹಣ್ಣು. ಛಲೋ ಹಡಗ ಇದ್ದಿದ್ರ ಅರ್ಧ ರೇಟಿಗಿ ಯಾಕ ಕೊಡ್ತಿದ್ರು? ಅವ್ವ ಸತ್ತ ಮ್ಯಾಲ ನನ್ನ ಸಾಕಿದಾಕಿ ನೀನು. ಮುಳುಗಿದ್ರ?”

“ಹುಚ್ಚಪ್ಪಾ, ಹಡಗ ಕೊಳತಿಲ್ಲೋ. ಖೋಲಿ ಖಾಲಿ ಉಳದಾವ. ದಂಡಿ ಬಿಟ್ಟ ಮ್ಯಾಲ ಅವನ್ನ ಯಾರು ಕೇಳ್ತಾರ? ಅದಕ್ಕ ಅಗ್ಗ.” ಅವಳ ದನಿ ಇಳಿಯಿತು. “ಅಂಜಿಕಿ ನಿಂದು. ಅದನ್ನ ಈ ಹುಡುಗನ ತಲಿಗಿ ಯಾಕ ಕಟ್ಟಿದಿ?”

ದೇವಿಂದ್ರಪ್ಪ ಕಪ್ಪು ಕೆಳಗಿಟ್ಟು ಎದ್ದ.

ಮೆಹರುನ್ನಿಸಾ ಸೆರಗಿನಿಂದ ಮಗನ ಹಣೆಯ ಬೆವರೊರೆಸಿದಳು. “ನಡೀರಿ, ಸ್ಟೇಶನ್ ಬಜಾರದಾಗ ಗದ್ದಲ ಇರ್ತದ,” ಎಂದಷ್ಟೇ ಹೇಳಿ ಅಬ್ರಾರ್ ಚೀಲ ಎತ್ತಿಕೊಂಡ.

ಆಟೋ ಚಾಲೂ ಆಯಿತು. ದೇವಿಂದ್ರಪ್ಪ ತನ್ನ ಮೋಟಾರ್ ಸೈಕಲ್ಲಿನ ಡಬ್ಬಿ ತೆರೆದ. ಹೆಂಡತಿ ಬಂಡಮ್ಮ ಪ್ರಯಾಣಕ್ಕೆಂದು ಕಟ್ಟಿಕೊಟ್ಟ ಬುತ್ತಿ—ಖಡಕ್ ರೊಟ್ಟಿ, ಶೇಂಗಾ ಹಿಂಡಿ—ಬೇಕಾಗುವುದಿಲ್ಲವೆಂದು ಅಲ್ಲೇ ಬಿಟ್ಟಿದ್ದ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಅಕ್ಕನಿಗೆ ಕೊಡದೆ, ಅಬ್ರಾರನ ಮುಂದೆ ಚಾಚಿದ.

ಅಬ್ರಾರ್ ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ತೆಗೆದುಕೊಂಡು, ಹಿಂದೆ ತಿರುಗಿ, ತಾಯಿಯ ಮಡಿಲಲ್ಲಿಟ್ಟ.