ಇಬ್ಬರು ಇದ್ದ ಅಂದರು, ಇಬ್ಬರು ಇರಲಿಲ್ಲ ಅಂದರು

"ಸೀಲ್ ಒಡದೈತ್ರಿ. ಈ ಚೀಲ ನಾ ತಗೊಳ್ಳಂಗಿಲ್ಲ!"

ಗೋವಾದ ಮುರ್ಮುಗಾಂವ್ ಬಂದರಿನ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ಅದು ವಿದ್ಯಾಳ ಮೊದಲ ದಿನ. ಎದುರಿಗೆ ನಿಂತವನು ನಿಖಿಲ. ಹಡಗಿಗೆ ತುಂಬುವ ಅದಿರಿನ ಸ್ಯಾಂಪಲ್ ತರುವ ಐವರ ತಂಡಕ್ಕೆ ಅವನೇ ಮುಖ್ಯಸ್ಥ. ಧಾರವಾಡದ ನೌಕರಸ್ಥರ ಮನೆ ಹುಡುಗ, ಸಿಟ್ಟು ಮೂಗಿನ ತುದಿಯಲ್ಲೇ!

"ನಾ ಸುಳ್ಳ ಹೇಳಾಕತ್ತೇನೇನ್ರಿ? ದಾರ್ಯಾಗ ಒಡದೈತಿ."

"ಅದೆಲ್ಲಾ ಗೊತ್ತಿಲ್ರಿ. ಬ್ಯಾರೆ ತರ್ರಿ."

ಬಂದರಿನ ಹತ್ತಿರದ ಸಡಾ ಬಡಾವಣೆಯ ಹಮಾಲ ಸೋಮಲಪ್ಪನ ಮಗಳು ಅವಳು. ತಮ್ಮ ಓಣಿಯಲ್ಲಿ ಬಿಎಸ್ಸಿ ಮುಗಿಸಿದ ಮೊದಲ ಹುಡುಗಿ. ಅಷ್ಟು ಸುಲಭಕ್ಕೆ ಬಗ್ಗುತ್ತಾಳೆಯೇ?

ನಿಖಿಲ ಗೊಣಗುತ್ತಲೇ ಬೇರೆ ಚೀಲ ತಂದ. ಮರುದಿನ ಊಟದ ಹೊತ್ತಿಗೆ ಒಂದು ಒಗಟನ್ನೂ ತಂದ.

"ಐದು ಮಂದ್ಯಾಗ ಖರೇ ಹೇಳಾವ್ರು ಯಾರು, ಸುಳ್ಳ ಹೇಳಾವ್ರು ಯಾರು? ಬಿಡಸ್ರಿ ನೋಡೂಣು!"

ರೊಟ್ಟಿ ಮುಗಿಯುವುದರೊಳಗೆ ಬಿಡಿಸಿಬಿಟ್ಟಳು. ಸೋತವನ ಮುಖ ಅರಳುವುದನ್ನು ಅವಳು ಅಂದೇ ಮೊದಲು ಕಂಡದ್ದು!

ಆಮೇಲೆ ದಿನಾ ಒಂದು ಒಗಟು. ಅದು ಯಾವಾಗ ಪ್ರೀತಿಯಾಯಿತೋ... 'ಮೊದಲು ಅವನೇ ಹೇಳಲಿ' ಎಂದು ಇವಳು, 'ಅವಳೇ ಹೇಳಲಿ' ಎಂದು ಅವನು. ಇಬ್ಬರಿಗೂ ಸ್ವಾಭಿಮಾನ ಭಾಳ!

ಹೀಗಿರುವಾಗ ಸ್ಯಾಂಪಲ್ ಕೋಣೆಯಲ್ಲಿ ಯಾರೋ ಚೀಲಗಳನ್ನು ಅದಲುಬದಲು ಮಾಡಿದರು.

ತಂಡದ ಇಬ್ಬರು ಆ ಹೊತ್ತಿಗೆ ಒಳಗಿದ್ದುದನ್ನು ಕಾವಲುಗಾರ ದೇವಲಪ್ಪ ಕಂಡಿದ್ದ. ಉಳಿದ ಮೂವರು ಹಡಗು ನಿಲ್ಲುವ ಜೆಟ್ಟಿಯ ಮೇಲೆ ಒಟ್ಟಿಗೇ ಇದ್ದರು, ಅದನ್ನು ಕ್ರೇನಿನವನು ನೋಡಿದ್ದ. ಆದರೆ ಎಲ್ಲರ ತಲೆಗೂ ಹೆಲ್ಮೆಟ್, ಧೂಳಿಗೆಂದು ಮುಖಕ್ಕೆ ಬಟ್ಟೆ. ಯಾರು ಯಾರೆಂದು ನೋಡಿದ ಇಬ್ಬರಿಗೂ ಗೊತ್ತಾಗಲಿಲ್ಲ.

ಕೋಣೆಯ ಕೀಲಿ ನಿಖಿಲನ ಮೇಜಿನ ಹತ್ತಿರ ಮೊಳೆಗೆ ತೂಗುತ್ತಿತ್ತು. ಹಾಗಾಗಿ ಅನುಮಾನ ಮೊದಲು ಅವನ ಮೇಲೆ. ಮ್ಯಾನೇಜರ್ ದಿಗಂಬರ ಸಾಹೇಬರು ಉಳಿದ ನಾಲ್ವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು. ನಿಖಿಲ ಜೆಟ್ಟಿ ಮೇಲೆ ಇದ್ದನೋ ಇಲ್ಲವೋ?

ಇಬ್ಬರು ಇದ್ದ ಅಂದರು. ಇಬ್ಬರು ಇರಲಿಲ್ಲ ಅಂದರು!

ಸಂಜೆಯೊಳಗೆ ಅವನ ಕೆಲಸ ಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ವಿದ್ಯಾ ಓಡಿಹೋಗಿ ಅವನನ್ನು ತಡೆದಳು.

"ಖರೇ ಹೇಳ್ರಿ... ನೀವು ಜೆಟ್ಟಿ ಮ್ಯಾಲೇ ಇದ್ರೇನ್ರಿ?"

ಅವನ ಮುಖ ಕಪ್ಪಿಟ್ಟಿತು.

"ಯಾರರ ಕೇಳ್ಲಿ... ನೀವೂ ಕೇಳತೀರೇನ್ರಿ?"

ತಿರುಗಿ ನೋಡದೆ ಹೊರಟುಹೋದ.

'ಅಯ್ಯೋ, ಏನು ಕೇಳಿಬಿಟ್ಟೆ!' ಅವಳಿಗೆ ಊಟದ ಡಬ್ಬಿ ಬಿಚ್ಚಲೂ ಮನಸ್ಸಾಗಲಿಲ್ಲ. ಇಬ್ಬರು ಇದ್ದ, ಇಬ್ಬರು ಇರಲಿಲ್ಲ... ಐವರಲ್ಲಿ ಖರೇ ಹೇಳುವವರು ಮೂವರು... ತಡಿ, ಇದು ಅವನೇ ತಂದ ಮೊದಲ ಒಗಟು!

ಸಾಹೇಬರ ಕೋಣೆಯಲ್ಲಿ ಐವರೂ ನಿಂತಿದ್ದರು. ವಿದ್ಯಾ ಸೀದಾ ಒಳಗೆ ನುಗ್ಗಿದಳು.

"ಸಾಹೇಬ್ರ, ಜೆಟ್ಟಿ ಮ್ಯಾಲಿದ್ದ ಮೂರು ಮಂದಿ ತಪ್ಪು ಮಾಡಿಲ್ಲ. ಅವರಿಗೆ ಸುಳ್ಳ ಹೇಳೂ ಗರಜಿಲ್ಲ, ಹೌದಲ್ರಿ?"

"ಹೌದು."

"ನಿಖಿಲ್ ಕೋಣ್ಯಾಗ ಇದ್ದಿದ್ರ ಆ ಮೂರೂ ಮಂದಿ 'ಅಂವ ನಮ್ಮ ಕೂಡ ಇರಲಿಲ್ಲ' ಅಂತಿದ್ರು. ಮೂರು ಮಂದಿ ಅನ್ನಬೇಕಿತ್ರಿ... ಅಂದವರು ಇಬ್ಬರ! ಹಂಗಾರ ಅಂವ ಜೆಟ್ಟಿ ಮ್ಯಾಲೇ ಇದ್ದ!"

ಸಾಹೇಬರು ಬೆರಳು ಮಡಚಿ ಎಣಿಸಿದರು. "ಅಂದ್ರ... ಇರಲಿಲ್ಲ ಅಂದ ಇಬ್ಬರ..."

"ಅವರ ಸುಳ್ಳ ಹೇಳಿದವರು ರೀ!"

ಆ ಇಬ್ಬರಲ್ಲೊಬ್ಬ ಹಲ್ಲು ಕಿರಿದ. "ಇಕಿಗ್ಯಾಕ ಇಷ್ಟ ಸಂಕಟ? ಅಂವ ಏನಾಗಬೇಕ್ರಿ ಇಕಿಗೆ?"

ಸಂಜೆಯೊಳಗೆ ಈ ಮಾತು ಸಡಾ ಮುಟ್ಟುತ್ತದೆ, ಅಪ್ಪನ ಕಿವಿಗೂ ಬೀಳುತ್ತದೆ. ಗೊತ್ತಿದ್ದೂ ವಿದ್ಯಾ ತಲೆ ತಗ್ಗಿಸಲಿಲ್ಲ.

"ಏನಾಗಬೇಕು ಅಂತ ಆಮ್ಯಾಲೆ ಹೇಳತೇನಿ. ಮೊದಲ ನನ್ನ ಲೆಕ್ಕ ತಪ್ಪೈತಿ ಅಂತ ತೋರಸು!"

ಅವನ ಜೊತೆಗಾರ ಕೈ ಮುಗಿದ. "ತಪ್ಪಾತ್ರಿ ಸಾಹೇಬ್ರ..."

ಕೆಲಸ ಮುಗಿಸಿ ವಿದ್ಯಾ ಹೊರಬಂದಾಗ ಗೇಟಿನ ಹತ್ತಿರ ನಿಖಿಲ ಕಾಯುತ್ತಿದ್ದ.

"ನನ್ನ ಮಾನ ಉಳಸಿದ್ರಿ. ಆದ್ರ... ಲೆಕ್ಕ ಕೂಡಿದ ಮ್ಯಾಲೆ ನಂಬಿದ್ರಿ."

ಅವಳ ಕಣ್ಣು ತುಂಬಿಬಂತು. "ಹೌದ್ರಿ, ತಪ್ಪಾತು. ಮೊದಲ ನಂಬಬೇಕಿತ್ತು. ಲೆಕ್ಕ ಆಮ್ಯಾಲೆ ಮಾಡಬೇಕಿತ್ತು."

ಅವನ ಸಿಟ್ಟು ಅಲ್ಲೇ ಕರಗಿತು.

"ಹಂಗಾರ ಒಂದು ಮಾತು ಹೇಳತೇನಿ. ಖರೇನೋ ಸುಳ್ಳೋ ನೀವ ಹೇಳ್ರಿ. ನನ್ನ ಚೀಲ ವಾಪಸ್ ಕಳಿಸಿದ ದಿನದಿಂದ... ನೀವಂದ್ರ ನನಗ ಜೀವ. ಇದಕ್ಕ ಸಾಕ್ಷಿ ಯಾರೂ ಇಲ್ಲ."

"ಖರೇ ಐತಿ," ಎಂದಳು ವಿದ್ಯಾ. ಒಂದು ಗಳಿಗೆಯೂ ಯೋಚಿಸಲಿಲ್ಲ!

ನಿಖಿಲ ನಕ್ಕುಬಿಟ್ಟ. ಮರುಕ್ಷಣವೇ ಅಳುಕಿದ.

"ನಾಳೆ ನಿಮ್ಮ ಅಪ್ಪಾರ್ನ ಕಾಣಾಕ ಸಡಾಕ್ಕ ಬರತೇನಿ. ಹುಡುಗ ಹ್ಯಾಂಗದಾನ ಅಂತ ಅವರು ನಾಕು ಮಂದೀನ ಕೇಳತಾರೇನ್ರಿ?"

ಸೋಮಲಪ್ಪನ ಮಗಳು ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ನಾಕು ಮಂದಿ ಯಾಕ್ರಿ? ನನ್ನೊಬ್ಬಾಕೀನ್ನ ಕೇಳಿದ್ರ ಸಾಕು!"